ತಲೆಗೆ ಒಂದು ಓಮೆರ್, ಪ್ಲೇಟಿಗೆ ನಾಲ್ಕು ಮಿರ್ಚಿ

ಗದಗಿನಲ್ಲಿ ಸಂಜೆ ಹೊತ್ತು ಗಿರ್ಮಿಟ್ ಬಂಡಿಯ ಮುಂದೆ ನಿಂತು ‘ಪ್ಲೇಟಿಗೆ ಎಷ್ಟ್ರೀ?’ ಎಂದು ಕೇಳುವ ಪರವೂರಿನವರಿಗೆ ಒಂದು ತೊಡಕು ಕಾದಿರುತ್ತದೆ. ಬಂಡಿಯವನು ಕಡಾಯಿಯಿಂದ ಕಣ್ಣು ತೆಗೆಯದೆ ‘ನಾಕು’ ಎನ್ನುತ್ತಾನೆ. ಇಷ್ಟು ಸೋವಿಯೇ ಎಂದು ಹಿಗ್ಗಿ ಮನೆಮಂದಿಗೆಲ್ಲ ಹೇಳಿದವರು ರೊಕ್ಕ ಕೊಡುವ ಹೊತ್ತಿಗೆ ಪೆಚ್ಚಾಗುತ್ತಾರೆ. ಅವನು ಹೇಳಿದ್ದು ಮಿರ್ಚಿಯ ಎಣಿಕೆ, ಇವರು ಕೇಳಿಸಿಕೊಂಡದ್ದು ರೂಪಾಯಿ. ತಪ್ಪು ಇಬ್ಬರದೂ ಅಲ್ಲ, ನಡುವೆ ಕೂತ ‘ಗೆ’ ಎಂಬ ಒಂದಕ್ಷರದ್ದು.

ಈ ಅಕ್ಷರವನ್ನು ನಾವು ಸಾಲಿಯಲ್ಲಿ ರಾಗವಾಗಿ ಬಾಯಿಪಾಠ ಮಾಡಿದವರು. ಚತುರ್ಥಿ ವಿಭಕ್ತಿ: ಗೆ, ಇಗೆ, ಕ್ಕೆ, ಅಕ್ಕೆ. ಉದಾಹರಣೆಯಲ್ಲಿ ಯಾವಾಗಲೂ ಯಾರೋ ರಾಮನಿಗೆ ಹಣ್ಣು ಕೊಡುತ್ತಿದ್ದರು. ಸಂಪ್ರದಾನ ಎಂದರೆ ಕೊಡುವುದು ಎಂದು ಮಾಸ್ತರರು ವಿವರಿಸಿದರು, ನಾವು ಅದನ್ನು ನಂಬಿಕೊಂಡು ಸಂತೆಗೆ ಬಂದೆವು. ಸಂತೆಯಲ್ಲಿ ಇದೇ ಪ್ರತ್ಯಯ ತೆಗೆದುಕೊಳ್ಳುವ ಕಡೆ ಕೂತಿದೆ. ಚೀಲಕ್ಕೆ ಇಷ್ಟು ಹಮಾಲಿ, ಗಾಡಿಗೆ ಇಷ್ಟು ಬಾಡಿಗೆ, ನೂರಕ್ಕೆ ಇಷ್ಟು ಅಡತಿ, ಕ್ವಿಂಟಲಿಗೆ ಇಷ್ಟು ಸೂಟು. ಹೆಸರುಕಾಳೋ ಉಳ್ಳಾಗಡ್ಡಿಯೋ ಹೇರಿಕೊಂಡು ಬಂದ ರೈತ ಎಲ್ಲ ‘ಗೆ’ ಮತ್ತು ‘ಕ್ಕೆ’ಗಳನ್ನು ದಾಟಿ ಹೊರಬೀಳುವ ಹೊತ್ತಿಗೆ ರಾಮನ ಹಣ್ಣು ಯಾವತ್ತೋ ಮುಗಿದಿರುತ್ತದೆ.

ಇದೆಲ್ಲ ತಲೆಗೆ ಹೊಕ್ಕಿದ್ದು ಬೆಟಗೇರಿಯ ಗೆಳೆಯರೊಬ್ಬರ ಮನೆಯಲ್ಲಿ. ಬಾಸೆಲ್ ಮಿಷನ್ನಿನ ಪಾದ್ರಿಗಳು ಬೆಟಗೇರಿಯಲ್ಲಿ ಠಾಣ್ಯ ಹೂಡಿದ್ದು 1841ರಲ್ಲಿ. ಅವರು ಬಿಟ್ಟುಹೋದ ದವಾಖಾನೆಗೆ ಜನ ಇವತ್ತಿಗೂ ಜರ್ಮನ್ ದವಾಖಾನೆ ಎನ್ನುವುದುಂಟು. ಗೆಳೆಯರದು ಆ ಕಾಲದಿಂದ ಬಂದ ಮನೆತನ. ನಿವೃತ್ತ ಮಾಸ್ತರರು, ಬೈಬಲನ್ನು ಭಕ್ತಿಯಿಂದಲೂ ಓದುತ್ತಾರೆ, ಪಂಚಾಂಗ ನೋಡುವವರ ಹಾಗೆ ಲೆಕ್ಕಕ್ಕೂ ಓದುತ್ತಾರೆ. ಇಸ್ರಾಯೇಲಿನ ಜನ ಅಡವಿಯಲ್ಲಿ ಅಲೆಯುವಾಗ ಮುಗಿಲಿನಿಂದ ಮನ್ನಾ ಬಿತ್ತಲ್ಲ, ಅದನ್ನು ತಲೆಗೆ ಒಂದು ಓಮೆರ್‌ನಂತೆ ಕೂಡಿಸಿಕೊಳ್ಳಬೇಕೆಂದು ಆಜ್ಞೆ. ಓಮೆರ್ ಎಂದರೆ ಸುಮಾರು ಎರಡು ಲೀಟರಿನ ಅಳತೆ. ‘ಇಲ್ಲೆ ನೋಡ್ರಿ, ನಮ್ಮ ಗೆ’ ಎಂದು ಅವರು ಬೆರಳಿಟ್ಟರು. ಹೀಬ್ರೂವಿನಲ್ಲೂ ಅದು ಒಂದೇ ಅಕ್ಷರವಂತೆ, ‘ಲ’. ನಮ್ಮದು ಪದದ ಬಾಲಕ್ಕೆ ಜೋತುಬಿದ್ದರೆ ಅವರದು ತಲೆಗೆ ಅಂಟಿಕೊಳ್ಳುತ್ತದೆ. ಕೊಡುವುದಕ್ಕೂ ಅದೇ, ‘ಒಬ್ಬೊಬ್ಬರಿಗೆ’ ಎನ್ನುವುದಕ್ಕೂ ಅದೇ. ಮೂಲದಲ್ಲಿ ‘ತಲೆಗೆ’ ಅನ್ನುವ ಕಡೆ ಇರುವ ಶಬ್ದ ‘ಗುಲ್ಗೋಲೆತ್’, ಅಂದರೆ ಬುರುಡೆ. ಶಿಲುಬೆಯ ಕತೆಯ ಗೊಲ್ಗೊಥಾ ಅದೇ ಕುಲದ ಮಾತು. ಬುರುಡೆಗೊಂದು ಓಮೆರ್! ನಮ್ಮ ರೇಷನ್ ಅಂಗಡಿಯ ‘ತಲೆಗೆ ಐದು ಕಿಲೋ’ ಎಷ್ಟೋ ಸೌಜನ್ಯದ ಮಾತು.

ಮನ್ನಾದ ಕತೆ ಇರುವ ಅಧ್ಯಾಯದ ಕೊನೆಗೆ, ಓಮೆರ್ ಎಂದರೆ ಎಫಾದ ಹತ್ತನೇ ಒಂದು ಪಾಲು ಎಂಬ ಟಿಪ್ಪಣಿ ಇದೆ. ಕೇಳುವವರಿಗೆ ಓಮೆರ್ ಮರೆತುಹೋಗುತ್ತಿದೆ ಎಂಬ ಅನುಮಾನ ಬರೆದವರಿಗೇ ಬಂದಿರಬೇಕು. ಈಗ ಎಫಾವೂ ಮರೆತಿದೆ. ಅದು ಸುಮಾರು 22 ಲೀಟರ್ ಎಂದು ಇನ್ನೊಂದು ಟಿಪ್ಪಣಿ ಬೇಕು. ಹತ್ತು ಎಫಾ ಸೇರಿದರೆ ಹೋಮೆರ್. ಓಮೆರ್ ಬೇರೆ, ಹೋಮೆರ್ ಬೇರೆ. ನಡುವೆ ನೂರು ಪಟ್ಟಿನ ಅಂತರ. ಹಾಲನ್ನು ‘ಆಲು’ ಎನ್ನುವ ನಮ್ಮ ಮೈಸೂರು ಸೀಮೆಯ ನೆಂಟರು ಆ ಕಾಲದಲ್ಲಿ ಧಾನ್ಯದ ವ್ಯಾಪಾರಕ್ಕೆ ಇಳಿದಿದ್ದರೆ, ಹೋಮೆರ್‌ಗೆ ರೊಕ್ಕ ಎಣಿಸಿ ಓಮೆರ್ ಹೊತ್ತುಕೊಂಡು ಮನೆಗೆ ಹೋಗಬೇಕಾಗುತ್ತಿತ್ತು. ಹಕಾರ ಬಿಡದ ಬಾಯಿ ನಮ್ಮದು ಎಂದು ನಾನು ಬೀಗಿದೆ. ಗೆಳೆಯರು ನಗಲಿಲ್ಲ. ಅವರ ಹೆಂಡತಿ ಮಂಡ್ಯದ ಕಡೆಯವರು.

ಹೋಮೆರ್ ಶಬ್ದಕ್ಕೆ ಹೀಬ್ರೂವಿನ ‘ಹಮೋರ್’ ಜೊತೆ ನಂಟು ಹೇಳುತ್ತಾರೆ. ಹಮೋರ್ ಎಂದರೆ ಕತ್ತೆ. ಒಂದು ಕತ್ತೆ ಹೊರುವಷ್ಟು ಕಾಳು ಒಂದು ಹೋಮೆರ್. ನಮ್ಮ ಶಾಸನಗಳ ‘ಹೇರು’ ಇದರ ವಾರಿಗೆಯದು, ಎತ್ತಿನ ಬೆನ್ನ ಮೇಲಿನ ಭಾರ. ಇನ್ನೂ ಮುಂದೆ ಹೋಗಿ ಲೇವಿಯರ ಪುಸ್ತಕದಲ್ಲಿ ಹೊಲದ ಬೆಲೆ ಕಟ್ಟುವುದು ಅದರಲ್ಲಿ ಎಷ್ಟು ಬೀಜ ಹಿಡಿಯುತ್ತದೆ ಎಂಬುದರ ಮೇಲೆ: ಒಂದು ಹೋಮೆರ್ ಜವೆಗೋದಿ ಬಿತ್ತುವ ನೆಲಕ್ಕೆ ಐವತ್ತು ಶೆಕೆಲ್ ಬೆಳ್ಳಿ. ಮೈಸೂರು ಕಡೆ ಖಂಡುಗ ಬಿತ್ತುವ ಹೊಲಕ್ಕೆ ಖಂಡುಗದ ಹೊಲ ಎಂದೇ ಹೆಸರಿತ್ತು. ನಮ್ಮ ಮುಂಡರಗಿ ಸೀಮೆಯ ಎರೆ ಹೊಲದಲ್ಲಿ ಹಿರಿಯರನ್ನು ಕೇಳಿ, ‘ಎರಡು ಕೂರಿಗಿ ಹೊಲ ಐತ್ರಿ’ ಎನ್ನುತ್ತಾರೆ. ಕೂರಿಗೆ ಹೂಡಿ ದಿನಕ್ಕೆ ಎಷ್ಟು ಬಿತ್ತಬಹುದೋ ಅಷ್ಟು ನೆಲ. ಎಕರೆ, ಗುಂಟೆ ಇರುವುದು ತಲಾಠಿಯ ಉತಾರದಲ್ಲಿ. ರೈತನ ಲೆಕ್ಕದಲ್ಲಿ ಎತ್ತಿನ ಕಾಲು, ಬೀಜ, ಹೊತ್ತು ಇರುತ್ತವೆ.

ಈ ‘ಗೆ’ ಲೆಕ್ಕ ನಮ್ಮ ಶಾಸನಗಳಲ್ಲೂ ಇದೆ. ಲಕ್ಷ್ಮೇಶ್ವರಕ್ಕೆ ಹೋದವರು ಸೋಮೇಶ್ವರನ ಗುಡಿಯ ಕೆತ್ತನೆ ನೋಡಿ ಬರುತ್ತಾರೆ, ಶಾಸನದ ಕಲ್ಲಿನ ಮುಂದೆ ನಿಲ್ಲುವವರು ಕಡಿಮೆ. ಲಕ್ಷ್ಮೇಶ್ವರವೇ ಹಳೆಯ ಪುಲಿಗೆರೆ, ಮುನ್ನೂರು ಹಳ್ಳಿಗಳ ನಾಡಿಗೆ ಹೆಸರು ಕೊಟ್ಟ ಊರು. ಪಂಪ ತನ್ನ ಕನ್ನಡ ಈ ಊರಿನ ತಿರುಳಿನದೆಂದು ಹೇಳಿಕೊಂಡ. ಯುವರಾಜನಾಗಿದ್ದಾಗ ಚಾಲುಕ್ಯ ಎರಡನೆಯ ವಿಕ್ರಮಾದಿತ್ಯ ಇಲ್ಲಿನ ಮಹಾಜನರಿಗೆ ಹಾಕಿಕೊಟ್ಟ ಕಟ್ಟುಪಾಡು 8ನೇ ಶತಮಾನದ್ದು. ಅದರಲ್ಲಿ ಮನೆಯ ಅಂತಸ್ತು ನೋಡಿ ಮನೆಗೆ ಇಷ್ಟು ತೆರಿಗೆ ಎಂಬ ಮಾತಿದೆ. ಆಮೇಲಿನ ಶತಮಾನಗಳ ದಾನಶಾಸನಗಳನ್ನು ಗದಗ, ಲಕ್ಕುಂಡಿಗಳ ಸುತ್ತ ಓದುತ್ತ ಹೋದರೆ ಮೊದಲು ರಾಜನ ಬಿರುದುಗಳು ಗಜಗಟ್ಟಲೆ ಬರುತ್ತವೆ. ಅವು ಮುಗಿದ ಮೇಲೆ ನಿಜವಾದ ವ್ಯವಹಾರ: ಗಾಣಕ್ಕೆ ಇಷ್ಟು ಸೊಲ್ಲಗೆ ಎಣ್ಣೆ, ಹೇರಿಂಗೆ ಇಷ್ಟು ಎಲೆ, ಮತ್ತರಿಂಗೆ ಇಷ್ಟು ಕೊಳಗ ಕಾಳು. ಬಿರುದುಗಳನ್ನು ಬಿಟ್ಟು ಓದಿದರೆ ನಷ್ಟವಿಲ್ಲ. ‘ಗೆ’ ಬಿಟ್ಟು ಓದಿದರೆ ಗುಡಿಯ ನಂದಾದೀಪಕ್ಕೆ ಎಣ್ಣೆ ಇಲ್ಲ. ಸೊಲ್ಲಗೆ, ಮತ್ತರುಗಳನ್ನು ಈಗ ಬಲ್ಲವರು ಶಾಸನ ಓದುವವರಷ್ಟೇ. ಅವುಗಳಿಗೆ ಬೆನ್ನು ಕೊಟ್ಟ ಪ್ರತ್ಯಯ ಮಾತ್ರ ಮಿರ್ಚಿ ಬಂಡಿಯವರೆಗೂ ನಡೆದು ಬಂದಿದೆ.

ಸೇರಿನ ಕತೆಯೇ ಬೇರೆ. ಸ್ವಾತಂತ್ರ್ಯಕ್ಕೆ ಮುಂಚೆ ಗದಗ ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಯಲ್ಲಿತ್ತು, ಶಿರಹಟ್ಟಿ ಸಾಂಗ್ಲಿ ಸಂಸ್ಥಾನಕ್ಕೆ ಸೇರಿತ್ತು, ಲಕ್ಷ್ಮೇಶ್ವರ ಮೀರಜ ಸಂಸ್ಥಾನಕ್ಕೆ. ಮುಂಡರಗಿಯಿಂದ ಕೊಪ್ಪಳದ ಕಡೆ ಹೊರಟರೆ ನಿಜಾಮನ ಸೀಮೆ, ಅಲ್ಲಿ ರೊಕ್ಕವೂ ಬೇರೆ, ಹಾಲಿ ಸಿಕ್ಕಾ. ಚಕ್ಕಡಿ ಹೂಡಿದರೆ ಕೆಲವೇ ದಿನದೊಳಗೆ ಇಷ್ಟೂ ದೊರೆತನಗಳನ್ನು ಸುತ್ತಿ ಬರಬಹುದಿತ್ತು. ಊರಿಗೊಂದು ಸೇರು ಇದ್ದ ಕಾಲ. ಅಚ್ಚೇರು, ಪಾವುಸೇರು, ಚಟಾಕು, ಗಿದ್ನ ಎಂಬ ಮಕ್ಕಳು ಮರಿಗಳೂ ಆಯಾ ಊರಿನ ಮೈಕಟ್ಟಿನವು. ಹೀಗಾಗಿ ‘ಸೇರಿಗೆ ಎಷ್ಟು’ ಎಂದು ಕೇಳುವ ಮೊದಲು ‘ಯಾವೂರ ಸೇರು’ ಎಂದು ಕೇಳಬೇಕು. ಅದು ತಿಳಿದ ಮೇಲೂ ಮುಗಿಯಲಿಲ್ಲ. ಸೇರಿನ ಬಾಯಿ ಮೀರಿ ಗೋಪುರ ಏಳುವಂತೆ ಸುರಿಯಬೇಕೋ, ಅಂಗೈ ಸವರಿ ಬೋಳು ಮಾಡಬೇಕೋ? ಕೊಳ್ಳುವಾಗ ಗೋಪುರ, ಮಾರುವಾಗ ಬೋಳು ಎಂಬ ಶಾಸ್ತ್ರ ಬಲ್ಲ ಸಾವ್ಕಾರರು ಎಲ್ಲ ಸೀಮೆಯಲ್ಲೂ ಇದ್ದರು. ಎಫಾವನ್ನು ಕಿರಿದು ಮಾಡಿ ಶೆಕೆಲನ್ನು ಹಿರಿದು ಮಾಡುವವರನ್ನು ಆಮೋಸ್ ಪ್ರವಾದಿ ಶಪಿಸಿದ್ದನ್ನು ಗೆಳೆಯರು ತೋರಿಸಿದಾಗ, ಈತ ನಮ್ಮ ಸಂತೆಗೆ ಯಾವಾಗ ಬಂದಿದ್ದನೆಂದು ಕೇಳಬೇಕೆನಿಸಿತು. ಅಳೆಯುವ ಕೈಯ ಮರ್ಜಿ ಅಷ್ಟು ದೊಡ್ಡದು. ಹಗೇವು ತೆಗೆದು ಜೋಳ ಅಳೆಯುವಾಗ ನಮ್ಮ ಹಿರಿಯರು ಮೊದಲ ಸೇರಿಗೆ ‘ಒಂದು’ ಎನ್ನದೆ ‘ಲಾಭ’ ಎನ್ನುತ್ತಿದ್ದರು. ಲಾಭ, ಎರಡು, ಮೂರು... ಯಾರ ಲಾಭ ಎಂಬುದನ್ನು ಮಾತ್ರ ಯಾರೂ ಬಿಡಿಸಿ ಹೇಳುತ್ತಿರಲಿಲ್ಲ.

1956ರ ತೂಕ ಮತ್ತು ಅಳತೆಯ ಕಾಯ್ದೆ ಬಂತು, ಮರುವರ್ಷ ನಯಾಪೈಸೆ ಬಂತು, ಹಿಂದೆಯೇ ಕಿಲೋ ಬಂತು. ಸರಕಾರದ ಮುದ್ರೆ ಒತ್ತಿದ ಕಬ್ಬಿಣದ ಕಲ್ಲುಗಳು ಅಂಗಡಿ ಹೊಕ್ಕವು, ಸೇರು ಅಡುಗೆಮನೆಗೆ ಹಿಂದೆ ಸರಿಯಿತು. ಒಳ್ಳೆಯದೇ ಆಯಿತು, ಊರಿಗೊಂದು ಸೇರಿನ ಕಾಲಕ್ಕಾಗಿ ಮರುಗುವವರು ಆ ಸೇರಿನಿಂದ ಸಾಲದ ಜೋಳ ತಂದವರಲ್ಲ.

ಆದರೂ ಸೇರಿಗೆ ಒಂದು ನೌಕರಿ ಉಳಿದಿದೆ, ಮದುವೆಯದು. ಹೊಸ ಸೊಸೆ ಹೊಸ್ತಿಲಲ್ಲಿ ಅಕ್ಕಿ ತುಂಬಿದ ಸೇರನ್ನು ಬಲಗಾಲಿನಿಂದ ಒದ್ದು ಒಳಗೆ ಬರುತ್ತಾಳೆ. ಸಾವಿರ ವರ್ಷ ತನ್ನನ್ನು ಅಳೆದ ಪಾತ್ರೆಯನ್ನು ಒದೆಯುವ ಅವಕಾಶ ಹೆಣ್ಣಿಗೆ ಒಂದೇ ಸಲ ಸಿಗುತ್ತದೆ. ಅದನ್ನೂ ಮೆಲ್ಲಗೆ ಒದೆಯಬೇಕೆಂದು ಹಿಂದಿನಿಂದ ನಾಲ್ಕಾರು ಬಾಯಿ ಹೇಳುತ್ತಿರುತ್ತವೆ.

ಬೈಬಲಿನ ರೂತಳ ಕತೆ ನನಗೆ ಹತ್ತಿರವಾದದ್ದು ಹೆಣ್ಣಿಗೂ ಅಳತೆಗೂ ಇರುವ ಈ ನಂಟಿನಿಂದಲೇ. ಗಂಡ ಸತ್ತವಳು, ಅತ್ತೆಯ ಬೆನ್ನುಹತ್ತಿ ಪರನಾಡಿಗೆ ಬಂದವಳು, ಬೋವಜನ ಹೊಲದಲ್ಲಿ ಹಕ್ಕಲು ಆಯ್ದು ಬಡಿದರೆ ಒಂದು ಎಫಾದಷ್ಟು ಜವೆಗೋದಿ ಆಯಿತಂತೆ. 22 ಲೀಟರಿನ ಕಾಳು ಹಕ್ಕಲಾಯ್ದೇ ಸಿಗಬೇಕಾದರೆ ಕೊಯ್ಯುವವರು ಬೇಕೆಂದೇ ತೆನೆ ಉದುರಿಸಿರಬೇಕು. ಉದುರಿಸಿದ್ದರು ಕೂಡ, ಬೋವಜನ ಅಪ್ಪಣೆಯೇ ಹಾಗಿತ್ತು. ಆಮೇಲೊಂದು ಬೆಳಗಿನ ಜಾವ ಅವಳ ಮೇಲುವಸ್ತ್ರವನ್ನು ಹಿಡಿಸಿ ಆತ ಆರು ಅಳತೆ ಜವೆಗೋದಿ ಸುರಿಯುತ್ತಾನೆ, ಅತ್ತೆಯ ಕಡೆ ಬರಿಗೈಯಲ್ಲಿ ಹೋಗಬೇಡ ಎನ್ನುತ್ತಾನೆ. ಇದು ಉಡಿ ತುಂಬುವುದಲ್ಲದೆ ಇನ್ನೇನು? ಹೀಬ್ರೂವಿನಲ್ಲಿ ಅಲ್ಲಿ ಅಳತೆಯ ಹೆಸರೇ ಇಲ್ಲ, ‘ಆರು’ ಎಂದಿದೆ ಅಷ್ಟೆ. ಆರು ಎಫಾ ಎಂದರೆ ನೂರ ಮೂವತ್ತು ಲೀಟರಿಗೂ ಹೆಚ್ಚು, ಅವಳು ಹೊರಲಾರಳು. ಆರು ಓಮೆರ್ ಎಂದರೆ ಬೋವಜನ ಕೈ ಬಿಗಿಯಾಯಿತು. ನಡುವಿನ ಅಳತೆ ಸೆಯಾ ಇರಬೇಕೆಂದು ಪಂಡಿತರು ಚೌಕಾಶಿ ಮಾಡುತ್ತಾರೆ. ಉಡಿ ತುಂಬುವಾಗ ಸೇರು ಯಾವೂರಿನದೆಂದು ನಮ್ಮಲ್ಲೂ ಯಾರೂ ಕೇಳುವುದಿಲ್ಲ.

ನಿಮ್ಮ ಮನೆಯ ಅಟ್ಟದ ಮೇಲೆ ಹಳೆಯ ಸೇರೊಂದು ಬಿದ್ದಿದ್ದರೆ ಮೋಡಕಾ ಕೊಳ್ಳುವವನಿಗೆ ಹಾಕುವ ಮುನ್ನ ಒಂದು ಕೆಲಸ ಮಾಡಿ. ತಳದಲ್ಲಿ ಮುದ್ರೆ ಇದೆಯೇ ನೋಡಿ. ಜೋಳ ತುಂಬಿ ತಕ್ಕಡಿಗೆ ಹಾಕಿ, ತೂಕವನ್ನೂ ಊರಿನ ಹೆಸರನ್ನೂ ಒಂದು ಚೀಟಿಯಲ್ಲಿ ಬರೆದು ಅದರೊಳಗೇ ಇಡಿ. ಗೋಪುರ ಏಳಿಸಿ ತೂಗಿದಿರೋ ಬೋಳಿಸಿ ತೂಗಿದಿರೋ ಎಂಬುದನ್ನು ಬರೆಯಲು ಮರೆಯಬೇಡಿ.