ಲೆಫ್ಟ್ ಆದ ಮಾವ

ತಂತ್ರಜ್ಞಾನದಿಂದ ಮನುಷ್ಯ ಸಂಬಂಧಗಳು ಹಾಳಾದವು ಎನ್ನುವವರೆಲ್ಲ ಪ್ರೀತಿ ಹೋಯಿತು, ಅಕ್ಕರೆ ಹೋಯಿತು ಎಂದೇ ಗೋಳಾಡುತ್ತಾರೆ. ನನಗೆ ಆ ಚಿಂತೆ ಅಷ್ಟಾಗಿ ಇಲ್ಲ. ನಮ್ಮ ಕಡೆಯವರ ಅಕ್ಕರೆ ಮೊದಲೂ ಹೊರಗೆ ಕಾಣುವಂಥದ್ದಾಗಿರಲಿಲ್ಲ. ನನ್ನ ಸಂಕಟ ಬೇರೆ. ನಮ್ಮ ವಂಶದವರು ತಲೆತಲಾಂತರದಿಂದ ಕಾಪಾಡಿಕೊಂಡು ಬಂದಿದ್ದ ಒಂದು ವಿದ್ಯೆ ಮೊಬೈಲು ಬಂದ ಮೇಲೆ ಮಣ್ಣುಪಾಲಾಯಿತು. ಅದು ಮುನಿಸಿಕೊಳ್ಳುವ ವಿದ್ಯೆ.

ಕೋಪ ಯಾರಿಗೆ ಬೇಕಾದರೂ ಬರುತ್ತದೆ, ಅದಕ್ಕೆ ತರಬೇತಿ ಬೇಡ. ಮುನಿಸಿಕೊಳ್ಳುವುದಕ್ಕೆ ಮಾತ್ರ ಎದುರಿಗೆ ನಾಲ್ಕು ಜನ ಇರಬೇಕು, ಅವರಲ್ಲಿ ಇಬ್ಬರಿಗಾದರೂ ಅದು ತಿಳಿಯಬೇಕು, ಒಬ್ಬರಾದರೂ ಸಮಾಧಾನ ಮಾಡಲು ಬರಬೇಕು. ಬಂದವರು ಒಂದೇ ಸಲಕ್ಕೆ ಗೆಲ್ಲಬಾರದು, ಸೋತು ವಾಪಸ್ಸೂ ಹೋಗಬಾರದು. ಇಷ್ಟನ್ನು ಹದವಾಗಿ ನಡೆಸುವುದೆಂದರೆ ಹುಡುಗಾಟವಲ್ಲ.

ನಮ್ಮ ಪೈಕಿ ಇದರಲ್ಲಿ ಪಳಗಿದ ಕೈ ಸೋದರಮಾವನದು. ಅರಸೀಕೆರೆ ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ ಮೇಷ್ಟ್ರಾಗಿದ್ದು ಹೆಡ್‌ಮಾಸ್ಟರಾಗಿ ನಿವೃತ್ತರಾದವರು. ನಮ್ಮ ಅಕ್ಕನ ಮದುವೆಯಲ್ಲಿ ಅವರ ಎಲೆಗೆ ಚಿರೋಟಿ ಬಂತು, ಸಕ್ಕರೆ ಪುಡಿ ಬಂತು, ಬಾದಾಮಿ ಹಾಲಿನ ಜಗ್ಗು ಮಾತ್ರ ಅವರ ತನಕ ಬಂದು ಎದುರಿನ ಪಂಕ್ತಿಗೆ ತಿರುಗಿಕೊಂಡಿತು. ಹೊಸಬನಾಗಿದ್ದರೆ ಅಲ್ಲೇ ಎದ್ದುಬಿಡುತ್ತಿದ್ದ. ಮಾವ ಒಣ ಚಿರೋಟಿಯನ್ನು ಪುಡಿ ಮಾಡಿಕೊಂಡು ತಿಂದು, ಮಜ್ಜಿಗೆ ಅನ್ನದ ತನಕ ಸಾವಧಾನವಾಗಿ ಉಂಡು, ಕೈ ತೊಳೆದು, ಎಲೆ ಅಡಿಕೆಯನ್ನೂ ಹಾಕಿಕೊಂಡರು. ಆಮೇಲೆ ಕೋಣೆಗೆ ಹೋಗಿ ಬ್ಯಾಗಿಗೆ ಪಂಚೆ ತುರುಕಿಕೊಂಡು ಬಂದು, ಛತ್ರದ ಅಂಗಳದ ನಡುವೆ ನಿಂತು, ಯಾರನ್ನೂ ನೋಡದೆ, ಎಲ್ಲರಿಗೂ ಕೇಳುವ ಹಾಗೆ, “ಹಾಸನದ ಬಸ್ಸು ಮೂರಕ್ಕೋ ಮೂರೂವರೆಗೋ?” ಎಂದರು.

ಛತ್ರದಿಂದ ರಸ್ತೆಗೆ ಒಂದು ಫರ್ಲಾಂಗು. ಆ ದೂರವನ್ನು ಮಾವ ನಡೆದ ವೇಗವನ್ನು ಇವತ್ತಿಗೂ ನೆನೆಸಿಕೊಳ್ಳುತ್ತೇನೆ. ಹಿಂದೆ ಬರುವವರಿಗೆ ಸಿಗದಷ್ಟು ಜೋರಿಲ್ಲ, ಛತ್ರದ ಗೇಟಿನಲ್ಲೇ ಸಿಕ್ಕಿಬೀಳುವಷ್ಟು ನಿಧಾನವೂ ಇಲ್ಲ. ಬಸ್ ನಿಲ್ಲುವ ಕಡೆ ಒಂದು ಅರಳಿಕಟ್ಟೆ, ಅದರ ಮೇಲೆ ಕೂತರು. ಮೊದಲ ತಂಡದಲ್ಲಿ ಮಕ್ಕಳಾದ ನಮ್ಮನ್ನು ಕಳಿಸಿದರು. “ಮಾವ, ಅಮ್ಮ ಕರೀತಿದಾಳೆ.” ನಮಗೆ ತಲಾ ನಾಲ್ಕಾಣೆ ಕೊಟ್ಟು ಪೆಪ್ಪರ್‌ಮಿಂಟ್ ಅಂಗಡಿ ತೋರಿಸಿದರು. ಎರಡನೆಯದಾಗಿ ಅತ್ತೆ, ಚಿಕ್ಕಮ್ಮಂದಿರು ಕಾಫಿ ಹಿಡಿದು ಬಂದರು. “ಕಾಫಿಗೇನು, ಎಲ್ಲಾದರೂ ಸಿಗುತ್ತೆ” ಎಂಬ ಉತ್ತರ ಬಂತು. ಅಷ್ಟರಲ್ಲಿ ಹಾಸನದ ಬಸ್ಸು ಬಂದು ನಿಂತು ಹೋಯಿತು. ಮಾವ ಅದರ ಕಡೆ ನೋಡಿ, “ರಶ್ಶು” ಎಂದರು. ಬಸ್ಸಿನಲ್ಲಿ ಕಂಡಕ್ಟರನ್ನೂ ಸೇರಿಸಿ ಏಳೆಂಟು ಜನ ಇದ್ದರೇನೋ.

ಕೊನೆಗೆ ಹೆಣ್ಣಿನ ತಂದೆಯೇ, ಅಂದರೆ ನಮ್ಮಪ್ಪನೇ, ಬಾದಾಮಿ ಹಾಲಿನ ಚೊಂಬು ಹಿಡಿದು ಬಿಸಿಲಲ್ಲಿ ನಡೆದುಕೊಂಡು ಬಂದರು. ಅವರಿಬ್ಬರ ನಡುವೆ ಅದಕ್ಕೂ ಮೊದಲೇ, ತೋಟಕ್ಕೆ ಕೊಟ್ಟ ಸಾಲವೊಂದರ ವಿಷಯವಾಗಿ ಸರಿಯಾದ ಮಾತುಕತೆ ಇರಲಿಲ್ಲ. ಕಟ್ಟೆಯ ಮೇಲೆ ಅಕ್ಕಪಕ್ಕ ಕೂತು ಹಾಲಿನಿಂದ ಶುರುವಾದ ಮಾತು ಸಾಲಕ್ಕೆ ಹೋಯಿತು, ಸಾಲದಿಂದ ನಮ್ಮಜ್ಜಿ ಸತ್ತಾಗ ಯಾರು ಬಂದರು ಯಾರು ಬರಲಿಲ್ಲ ಎನ್ನುವಲ್ಲಿಗೆ ಹೋಯಿತು. ಒಬ್ಬರು ಕೂಗಾಡಿದರು, ಇನ್ನೊಬ್ಬರು ಕಣ್ಣೊರೆಸಿಕೊಂಡರು. ಸಂಜೆಯ ಆರತಕ್ಷತೆಗೆ ಬಂದ ಬೀಗರನ್ನು ಬಾಗಿಲಲ್ಲಿ ನಿಂತು ಪನ್ನೀರು ಎರಚಿ ಒಳಗೆ ಕರೆದವರು ಮಾವನೇ.

ನಮ್ಮ ಹಿರಿಯರು ಇದಕ್ಕೊಂದು ಶಾಸ್ತ್ರವನ್ನೇ ಮಾಡಿಟ್ಟಿದ್ದಾರಲ್ಲ, ಕಾಶಿಯಾತ್ರೆ ಅಂತ! ಮದುಮಗ ಕೊಡೆ ಹಿಡಿದು, ಬೆತ್ತ ಊರಿಕೊಂಡು, ಸಂಸಾರ ಬೇಡ ಎಂದು ಹೊರಡುತ್ತಾನೆ. ಹೆಣ್ಣಿನ ಕಡೆಯವರು ಅಡ್ಡ ನಿಂತು, ತೆಂಗಿನಕಾಯಿ ಕೊಟ್ಟು, ಮಗಳನ್ನು ಕೊಡುತ್ತೇವೆ ಬಾರಪ್ಪ ಎಂದು ಕರೆತರುತ್ತಾರೆ. ಹಾಗೆ ಹೊರಟ ಯಾವ ವರನೂ ಕಾಶಿ ಹಾಗಿರಲಿ, ಛತ್ರದ ಕಾಂಪೌಂಡು ದಾಟಿದ್ದನ್ನು ನಾನು ಕಂಡಿಲ್ಲ. ಹೊರಡುವವನಿದ್ದರೆ ಕರೆಯುವವನೂ ಇರಬೇಕು ಎನ್ನುವುದಷ್ಟೇ ಅದರ ಹಿಂದಿನ ಬುದ್ಧಿವಂತಿಕೆ.

ಫೋನು ಬಂದ ಹೊಸತರಲ್ಲಿ ಈ ವಿದ್ಯೆಗೆ ಅಂಥ ಧಕ್ಕೆಯೇನೂ ಆಗಲಿಲ್ಲ. ಟ್ರಂಕ್ ಕಾಲ್ ಕಾಲದಲ್ಲಿ ಮೂರು ಮೂರು ನಿಮಿಷದ ಲೆಕ್ಕ. ಹಲೋ, ಕೇಳಿಸ್ತಿದೆಯಾ ಎನ್ನುವುದರಲ್ಲೇ ಒಂದು ನಿಮಿಷ ಹೋದರೆ ಉಳಿದದ್ದರಲ್ಲಿ ಯಾರು ಜಗಳವಾಡುತ್ತಾರೆ? ಮನೆಮನೆಗೆ ಕಪ್ಪು ಫೋನು ಬಂದ ಮೇಲಂತೂ ರಿಸೀವರನ್ನು ಕುಕ್ಕುವ ಸೌಲಭ್ಯ ಸಿಕ್ಕಿತು. ಆ ಸದ್ದಿನಲ್ಲಿ ಒಂದು ಘನತೆಯಿತ್ತು, ಅಕ್ಕಪಕ್ಕದ ಮನೆಯವರಿಗೂ ಸಮಾಚಾರ ಮುಟ್ಟುತ್ತಿತ್ತು. ಈಗಿನ ಕೆಂಪು ಗುಂಡಿಯನ್ನು ಎಷ್ಟು ಸಿಟ್ಟಿನಿಂದ ಒತ್ತಿದರೂ ಆ ಕಡೆಯವರಿಗೆ ನೆಟ್‌ವರ್ಕ್ ಹೋಯಿತೇನೋ ಎನಿಸುತ್ತದೆ. ಅವರು ಪಾಪ ಮತ್ತೆ ಮಾಡುತ್ತಾರೆ, “ಕಟ್ ಆಯ್ತು ಅನ್ಸುತ್ತೆ, ಹೇಳಿ” ಎಂದು.

ನಮ್ಮ ದೇಶದಲ್ಲಿ ಮೊಬೈಲಿನ ಮೊದಲ ಕರೆ ಹೋದದ್ದು 1995ರಲ್ಲಿ. ಶುರುವಿನ ವರ್ಷಗಳಲ್ಲಿ ಕರೆ ಮಾಡಿದವರಷ್ಟೇ ಅಲ್ಲ, ಎತ್ತಿಕೊಂಡವರೂ ದುಡ್ಡು ಕೊಡಬೇಕಿತ್ತು. ಬೈದವನೂ ಕೊಡಬೇಕು, ಬೈಸಿಕೊಂಡವನೂ ಕೊಡಬೇಕು! 2003ರಲ್ಲಿ ಒಳಬರುವ ಕರೆ ಪುಕ್ಕಟೆ ಆಗುವ ತನಕ ನಮ್ಮ ನೆಂಟರಿಷ್ಟರ ನಡುವೆ ಇದ್ದ ಶಾಂತಿಗೆ ಇದೇ ಕಾರಣವೆಂದು ನನ್ನ ಅನುಮಾನ.

ಅನಾಹುತವಾದದ್ದು ವಾಟ್ಸ್‌ಆ್ಯಪ್‌ನಿಂದ, ಅದರಲ್ಲೂ ‘ನಂದಗೋಕುಲ’ ಎಂಬ ನಮ್ಮ ಕುಟುಂಬದ ಗ್ರೂಪಿನಿಂದ. ಒಂದು ಕಾಲಕ್ಕೆ ಗ್ರೂಪಿನಲ್ಲಿ ನೂರೇ ಜನರಿಗೆ ಜಾಗವಿತ್ತು. ಕೌರವರು ಮಾಡಿಕೊಂಡಿದ್ದರೆ ಅಣ್ಣತಮ್ಮಂದಿರಿಗೇ ಭರ್ತಿಯಾಗಿ ಧೃತರಾಷ್ಟ್ರ, ಗಾಂಧಾರಿ ಹೊರಗೇ ನಿಲ್ಲಬೇಕಾಗುತ್ತಿತ್ತು. 2022ರಿಂದ 1024 ಜನರನ್ನು ಸೇರಿಸಬಹುದು. ನಮ್ಮ ಗ್ರೂಪಿನಲ್ಲಿ ನನಗೆ ಹೇಗೆ ಸಂಬಂಧವೆಂದು ಬಗೆಹರಿಯದ ಎಷ್ಟೋ ಜನ ಇದ್ದಾರೆ. ಅವರೆಲ್ಲ ದಿನಾ ಬೆಳಿಗ್ಗೆ ನನಗೆ ತಾವರೆ ಹೂವು, ಉದಯಿಸುವ ಸೂರ್ಯ, ಹೊಗೆಯಾಡುವ ಕಾಫಿ ಕಪ್ಪುಗಳನ್ನು ಕಳಿಸುತ್ತಾರೆ. ನಿಜವಾದ ಕಾಫಿ ಕೊಟ್ಟವರು ಕಡಿಮೆ. ಭಾರತದವರ ಫೋನುಗಳು ಯಾಕೆ ತುಂಬಿ ಉಸಿರುಗಟ್ಟುತ್ತವೆ ಎಂದು ಗೂಗಲ್‌ನವರು ಹುಡುಕಿಕೊಂಡು ಹೋದಾಗ ಸಿಕ್ಕಿದ್ದು ಈ ಗುಡ್ ಮಾರ್ನಿಂಗ್ ಚಿತ್ರಗಳೇ ಎಂದು 2018ರಲ್ಲಿ ಸುದ್ದಿಯಾಗಿತ್ತು. ಅವನ್ನು ಗುಡಿಸಿ ಹಾಕುವ ಪೊರಕೆಯನ್ನೂ ತಮ್ಮದೊಂದು ಆ್ಯಪಿನೊಳಗೆ ಇಟ್ಟುಕೊಟ್ಟರು. ನಮ್ಮ ಚಿಕ್ಕಪ್ಪ ಅದನ್ನು ಹಾಕಿಕೊಂಡು ಹಳೆಯ ತಾವರೆಗಳನ್ನೆಲ್ಲ ಗುಡಿಸಿ, ಖಾಲಿಯಾದ ಜಾಗದಿಂದ ಹೊಸ ತಾವರೆ ಕಳಿಸತೊಡಗಿದರು.

ತಾವರೆ ಹೋಗಲಿ, ಅದರಿಂದ ಯಾರ ಜೀವವೂ ಹೋಗುವುದಿಲ್ಲ. ಅದೇ 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಫಾರ್ವರ್ಡು ನಮ್ಮ ಗ್ರೂಪಿಗೂ ಬಂದಿತ್ತು. ಆ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಪರಊರಿನವರನ್ನು ಕಳ್ಳರೆಂದು ಜನ ಹೊಡೆದು, ಹೈದರಾಬಾದಿನ ಎಂಜಿನಿಯರೊಬ್ಬರು ಸತ್ತರು. ಅದಾದ ಮೇಲೆ ವಾಟ್ಸ್‌ಆ್ಯಪ್‌ನವರು ನಮ್ಮ ದೇಶದಲ್ಲಿ ಒಂದು ಸಲಕ್ಕೆ ಐದು ಕಡೆಗಷ್ಟೇ ಫಾರ್ವರ್ಡ್ ಎಂದು ಕಟ್ಟುಹಾಕಿದರು. ನಮ್ಮ ಹಳ್ಳಿಗಳಲ್ಲಿ ಹೊಸಬರು ಕಂಡರೆ ಮೊದಲು ಕೇಳುತ್ತಿದ್ದದ್ದು “ಯಾವೂರಾಯ್ತು? ಯಾರ ಪೈಕಿ?” ಅಂತ. ಉತ್ತರ ಬರುವಷ್ಟರಲ್ಲಿ ಒಂದು ಚೊಂಬು ನೀರೂ ಬರುತ್ತಿತ್ತು. ಫೋನಿನಲ್ಲಿ ಉತ್ತರ ಮೊದಲೇ ಬಂದಿದ್ದರೆ ಯಾರು ಕೇಳುತ್ತಾರೆ? ಲಲಿತ ಪ್ರಬಂಧದಲ್ಲಿ ಇದು ಯಾಕೆ ಎಂದರೆ, ಅವತ್ತು ಆ ಫಾರ್ವರ್ಡು ಹಾಕಿದ್ದ ನಮ್ಮ ದೂರದ ಭಾವ ಇವತ್ತಿಗೂ ಬೆಳಿಗ್ಗೆ ತಪ್ಪದೆ ಸೂರ್ಯೋದಯ ಕಳಿಸುತ್ತಾರೆ.

ಮಾವನ ವಿಷಯಕ್ಕೆ ಬರುತ್ತೇನೆ. 2014ರ ಕೊನೆಗೆ ವಾಟ್ಸ್‌ಆ್ಯಪ್‌ನಲ್ಲಿ ನೀಲಿ ಟಿಕ್ಕು ಬಂದಾಗ ಅವರಿಗೆ ಬಹಳ ಖುಷಿಯಾಗಿತ್ತು. ಹಾಜರಿ ಪುಸ್ತಕ ಮತ್ತೆ ಕೈಗೆ ಸಿಕ್ಕ ಖುಷಿ. ನೀಲಿ ಟಿಕ್ಕು ಬೇಡವೆಂದು ನಾವು ಸೆಟ್ಟಿಂಗ್‌ನಲ್ಲಿ ತೆಗೆದುಹಾಕಬಹುದು, ಗ್ರೂಪಿನಲ್ಲಿ ಮಾತ್ರ ಆ ಆಟ ನಡೆಯುವುದಿಲ್ಲ. ಮೆಸೇಜನ್ನು ಒತ್ತಿ ಹಿಡಿದು ನೋಡಿದರೆ ಯಾರು ಎಷ್ಟು ಗಂಟೆಗೆ ಓದಿದರೆಂಬ ಪಟ್ಟಿಯೇ ಬರುತ್ತದೆ. ಮಾವ ಹಾಗೆ ಒತ್ತಿ ಹಿಡಿದೇ ಇರುತ್ತಾರೆ.

ಹೋದ ವರ್ಷ ಮನೆದೇವರ ಸಮಾರಾಧನೆಯ ಬಗ್ಗೆ ಮಾವ ಗ್ರೂಪಿಗೆ ಒಂದು ಮೆಸೇಜು ಹಾಕಿದರು. ಪೀಠಿಕೆ, ವಂಶದ ಇತಿಹಾಸ, ಹಿಂದಿನ ವರ್ಷದ ಖರ್ಚು, ಗರ್ಭಗುಡಿಯ ಮಾಳಿಗೆ ಸೋರುತ್ತಿರುವ ಸಂಗತಿ, ಯಾರ್ಯಾರು ಎಷ್ಟು ಕೊಡಬೇಕೆಂಬ ಸೂಚನೆ, ಎಲ್ಲವೂ ಅಲ್ಪಪ್ರಾಣ ಮಹಾಪ್ರಾಣದ ತಪ್ಪಿಲ್ಲದೆ. ಒಂದೇ ಬೆರಳಿನಲ್ಲಿ ಟೈಪು ಮಾಡಲು ಎರಡು ಮಧ್ಯಾಹ್ನದ ನಿದ್ದೆ ಬಿಟ್ಟಿದ್ದರಂತೆ. ನ್ಯೂಜೆರ್ಸಿಯಲ್ಲಿರುವ ನನ್ನ ಚಿಕ್ಕಪ್ಪನ ಮಗ ಅದನ್ನು ಓದಿ, ಅಥವಾ ಓದದೆ, ಒಂದು ಹೆಬ್ಬೆಟ್ಟು ಹಾಕಿದ. ಅವನ ಹಿಂದೆಯೇ ಸಾಲಾಗಿ ಹೆಬ್ಬೆಟ್ಟುಗಳು ಬಿದ್ದವು. ಮಾವನಿಗೆ ತಲೆ ಕೆಟ್ಟಿತು. “ವಯಸ್ಕರ ಶಿಕ್ಷಣದ ಹೆಸರಲ್ಲಿ ಲಾಟೀನು ಹಿಡ್ಕೊಂಡು ಹೋಗಿ, ಹೆಬ್ಬೆಟ್ಟು ಒತ್ತೋರಿಗೆಲ್ಲ ಸಹಿ ಕಲಿಸಿ ಬಂದೆ ಕಣೋ. ಈಗ ಎಂಜಿನಿಯರ್ ಆದೋರು ನನಗೇ ಹೆಬ್ಬೆಟ್ಟು ಒತ್ತುತಾರೆ!”

ಇದನ್ನು ಅವರು ನನಗೆ ಹೇಳಿದ್ದು ಆಮೇಲೆ. ಅವತ್ತು ಯಾರಿಗೂ ಏನೂ ಹೇಳದೆ ಗ್ರೂಪ್ ಬಿಟ್ಟರು. ಅರಳಿಕಟ್ಟೆಯ ಮೇಲೆ ಕೂತ ಲೆಕ್ಕ. ಮೊದಲಾಗಿದ್ದರೆ, ಇಂಥವರು ಲೆಫ್ಟ್ ಆದರು ಎಂದು ಗ್ರೂಪಿನ ನಟ್ಟನಡುವೆ ಒಂದು ಸಾಲು ಮೂಡುತ್ತಿತ್ತು. ಆ ಸಾಲು ಕಂಡರೆ ಗುಲ್ಲೆದ್ದು, ಯಾರಾದರೂ ಫೋನು ಮಾಡಿ, ಏನಾಯ್ತು ಎಂದು ಕೇಳುತ್ತಿದ್ದರು. 2022ರಲ್ಲಿ ಕಂಪನಿಯವರು ಅದಕ್ಕೂ ಕಲ್ಲು ಹಾಕಿದರು. ಈಗ ಯಾರು ಬಿಟ್ಟು ಹೋದರೂ ಅಡ್ಮಿನ್‌ಗಳಿಗೆ ಮಾತ್ರ ಸೂಚನೆ ಹೋಗುವುದು. ಹೋಗುವವರಿಗೆ ಮುಜುಗರವಾಗಬಾರದಂತೆ! ನಮ್ಮ ಮಾವ ಹೋದದ್ದೇ ಹತ್ತು ಜನರಿಗೆ ಗೊತ್ತಾಗಲಿ ಎಂದು. ಅಡ್ಮಿನ್ ಆದ ತಂಗಿ ಇರುವುದು ಮೆಲ್ಬರ್ನ್‌ನಲ್ಲಿ. ಬೆಳಿಗ್ಗೆ ಎದ್ದವಳು ನೂರೆಂಟು ನೋಟಿಫಿಕೇಷನ್ನುಗಳ ಜೊತೆ ಮಾವನನ್ನೂ ಬೆರಳಿನಲ್ಲಿ ಪಕ್ಕಕ್ಕೆ ಸರಿಸಿದಳು.

ಒಂದು ದಿನ ಮಾವನೇ ಫೋನು ಮಾಡಿದರು.

“ನಾನು ಗ್ರೂಪ್ ಬಿಟ್ಟು ಹದಿನೈದು ದಿನ ಆಯ್ತು. ಗೊತ್ತಿತ್ತಾ ನಿಂಗೆ?”

“ಇಲ್ವಲ್ಲ ಮಾವ, ನೀವು ಹೇಳಿದ ಮೇಲೇ ಗೊತ್ತಾಗಿದ್ದು.”

“ನಾನೇ ಹೇಳೋ ಹಾಗಿದ್ರೆ ಬಿಟ್ಟು ಏನು ಪ್ರಯೋಜನ?”

ಉತ್ತರ ತೋಚಲಿಲ್ಲ. ತಂಗಿಗೆ ವಿಷಯ ತಿಳಿಸಿದೆ. ಅವಳು ಅಯ್ಯೋ ಎಂದು ಅಲ್ಲಿಂದಲೇ ಒಂದು ಗುಂಡಿ ಒತ್ತಿ ಮಾವನನ್ನು ಮತ್ತೆ ಸೇರಿಸಿದಳು. ಮಾವ ಆಗ ಸಂಧ್ಯಾವಂದನೆಗೆ ಕೂತಿದ್ದರಂತೆ. ಎದ್ದು ನೋಡುವಷ್ಟರಲ್ಲಿ ಅವರ ರಾಜಿ ಮುಗಿದುಹೋಗಿತ್ತು. ನ್ಯೂಜೆರ್ಸಿಯವನು “ವೆಲ್‌ಕಮ್ ಬ್ಯಾಕ್ ಮಾವ” ಎಂದು ಬರೆದು ಪಕ್ಕದಲ್ಲಿ ಮತ್ತೊಂದು ಹೆಬ್ಬೆಟ್ಟು ಇಟ್ಟಿದ್ದ. ಗರ್ಭಗುಡಿಯ ಸೋರುವ ಮಾಳಿಗೆಯ ಬಗ್ಗೆ ಯಾರೂ ಚಕಾರ ಎತ್ತಿರಲಿಲ್ಲ. “ಕರೆದಿದ್ದಲ್ಲ ಅದು, ನೂಕಿದ್ದು” ಎಂದು ಮಾವ ಅತ್ತೆಯ ಮುಂದೆ ಕೂಗಾಡಿದರಂತೆ. ಅತ್ತೆ ಆ ಹೊತ್ತಿನಲ್ಲಿ ಫೋನಿನಲ್ಲಿ ಹೀರೇಕಾಯಿ ಸಿಪ್ಪೆ ಚಟ್ನಿಯ ವಿಡಿಯೋ ನೋಡುತ್ತಿದ್ದುದರಿಂದ ಅದೂ ವ್ಯರ್ಥವಾಯಿತು.

ಈಗ ಚಿಕ್ಕಪ್ಪನ ಎರಡನೇ ಮಗಳ ಮದುವೆ ಗೊತ್ತಾಗಿದೆ. ಲಗ್ನಪತ್ರಿಕೆ ಮೊನ್ನೆ ಗ್ರೂಪಿಗೆ ಬಂತು. ಗಣಪತಿ ಕಣ್ಣು ಮಿಟುಕಿಸುವ, ಶಹನಾಯಿ ಬಾರಿಸುವ ವಿಡಿಯೋ. ಕೆಳಗೆ “ಇದನ್ನೇ ಖುದ್ದು ಬಂದು ಕರೆದಂತೆ ಭಾವಿಸಿ” ಎಂಬ ಒಕ್ಕಣೆ. ಮಾವ ಅದನ್ನು ಕೊನೆಯ ತನಕ ನೋಡಿದ್ದಾರೆ, ಎಷ್ಟು ಗಂಟೆಗೆ ಎಂಬುದಕ್ಕೆ ದಾಖಲೆಯಿದೆ. ಹೆಬ್ಬೆಟ್ಟು ಒತ್ತಿಲ್ಲ, ಗ್ರೂಪ್ ಬಿಟ್ಟೂ ಇಲ್ಲ. ನಿನ್ನೆ ನನ್ನನ್ನು ಮನೆಗೆ ಕರೆಸಿಕೊಂಡರು.

“ಭಾನುವಾರ ನಿಂಗೆ ರಜಾ ಅಲ್ವಾ? ಹಾಸನಕ್ಕೆ ಹೋಗಿ ಬಾ. ನಾನು ಮುನಿಸಿಕೊಂಡಿದೀನಿ ಅಂತ ನಿಮ್ಮ ಚಿಕ್ಕಪ್ಪನಿಗೆ ಹೇಳು. ಫೋನಲ್ಲಿ ಬೇಡ, ಎದುರಿಗೆ ಕೂತು ಹೇಳು. ಕುಂಕುಮ ಅಕ್ಷತೆ ಹಿಡ್ಕೊಂಡು ಬಂದು ಕರೆದರೆ ಯೋಚನೆ ಮಾಡ್ತಾರಂತೆ ಅಂತಾನೂ ಹೇಳು. ನಾನು ಹೇಳಿಕಳಿಸಿದ್ದು ಅಂತ ಮಾತ್ರ ಹೇಳಬೇಡ.”

ಬಸ್ ಚಾರ್ಜಿಗೆಂದು ಇನ್ನೂರು ರೂಪಾಯಿ ಎಣಿಸಿ ನನ್ನ ಜೇಬಿಗೆ ತುರುಕಿದರು. ಗೇಟಿನ ತನಕ ಬಂದವರು ಮತ್ತೆ ಕೂಗಿ ಕರೆದರು.

“ಕಾಫಿ ಕೊಡ್ತಾರೆ. ಮೊದಲನೇ ಸಲ ಬೇಡ ಅನ್ನು. ಎರಡನೇ ಸಲ ಕೇಳಿದ್ರೆ ಕುಡಿ.”