ಗಟಾರದ ನೀರಿಗೂ ಪಾಲಿಸಿ

ಹಿರಣ್ಯಕೇಶಿ ಹೊಳೆ ಹುಟ್ಟುವುದು ಮಹಾರಾಷ್ಟ್ರದ ಅಂಬೋಲಿ ಬಳಿ. ಅಲ್ಲಿ ಮಳೆ ಜೋರಾದರೆ ಸಂಕೇಶ್ವರದ ನದಿ ದಂಡೆಯ ಗಲ್ಲಿಗಳಿಗೆ ಫಜೀತಿ. ಹೊಳೆ ಏರಿದಾಗ ಗಟಾರದ ನೀರಿಗೆ ಮುಂದೆ ಹೋಗಲು ದಾರಿಯಿರುವುದಿಲ್ಲ. ಅದು ಹಿಂದಿರುಗಿ, ಬಾಗಿಲು ಬಡಿಯುವ ಶಿಷ್ಟಾಚಾರವಿಲ್ಲದೆ ಬಚ್ಚಲಿನಿಂದಲೇ ಒಳಗೆ ಬರುತ್ತದೆ. 2019ರ ಆಗಸ್ಟ್‌ನಲ್ಲೂ 2021ರ ಜುಲೈನಲ್ಲೂ ಊರು ಈ ಅತಿಥಿಯನ್ನು ಕಂಡಿದೆ.

ಈ ಅತಿಥಿ ಮಾಡುವ ನಷ್ಟಕ್ಕೆ ವಿಮೆ ಉಂಟೇ? ಅಮೆರಿಕದಲ್ಲಿ ಸಾಮಾನ್ಯ ಮನೆ ವಿಮೆ ಇಂಥ ನೀರನ್ನು ಹೊರಗಿಡುತ್ತದೆ. ಬೇಕಾದವರು ಬೇರೆ ಹಣ ಕಟ್ಟಿ ಸೇರಿಸಿಕೊಳ್ಳಬೇಕು. ನಮ್ಮ ದೇಶದಲ್ಲಿ 2021ರ ಏಪ್ರಿಲ್ 1ರಿಂದ ಬಂದ 'ಭಾರತ್ ಗೃಹ ರಕ್ಷಾ' ಪಾಲಿಸಿಯಲ್ಲಿ ಪ್ರವಾಹ, ಜಲಾವೃತ, ಟಾಕಿ-ಪೈಪು ಒಡೆಯುವುದು, ತುಂಬಿ ಹರಿಯುವುದು ಎಲ್ಲವೂ ಇವೆ. ಗಟಾರದ ಹೆಸರು ಮಾತ್ರ ಪ್ರತ್ಯೇಕವಾಗಿ ಇಲ್ಲ. ಹೀಗಾಗಿ ಹೊಳೆ ಉಕ್ಕಿ ನೀರು ತಿರುಗಿದರೆ ಪರಿಹಾರ ಕೇಳುವ ದಾರಿ ಸಲೀಸು. ವರ್ಷಗಟ್ಟಲೆ ಪ್ಲಾಸ್ಟಿಕ್ ತುಂಬಿ ಗಟಾರ ಕಟ್ಟಿದ್ದರೆ ನಷ್ಟ ಅಳೆಯಲು ಬರುವ ಸರ್ವೇಯರ್ ಸಾಹೇಬರ ಪ್ರಶ್ನೆಗಳು ಹೆಚ್ಚುತ್ತವೆ. ನೀರು ಮಾತ್ರ ಎರಡೂ ಸಲ ಒಂದೇ ವಾಸನೆ ಹೊಡೆಯುತ್ತದೆ.

ಕಟ್ಟಡಕ್ಕೆ ವಿಮೆ ಮಾಡಿಸಿದರೆ ಅದರ ಮೊತ್ತದ ಶೇ. 20ರಷ್ಟು, ಗರಿಷ್ಠ 10 ಲಕ್ಷ ರೂಪಾಯಿವರೆಗೆ, ಮನೆಸಾಮಾನಿಗೂ ರಕ್ಷಣೆ ತಾನಾಗಿ ಸಿಗುತ್ತದೆ. ಕಪಾಟು, ಫ್ರಿಜ್, ಗಾದಿ ಇದರಲ್ಲಿ ಬಂದವು. ಬಂಗಾರಕ್ಕೆ ಬೇರೆ ಆಯ್ಕೆ. ಅವಶೇಷ ತೆಗೆಸಲು ಕ್ಲೇಮಿನ ಶೇ. 2ರವರೆಗೆ ಹಣವುಂಟು. ರಾಡಿ ಬಳಿಯುವ ಮೊದಲು ಫೋಟೊ ತೆಗೆದು ಕಂಪನಿಗೆ ತಿಳಿಸಬೇಕು. ಮನೆಯೊಡತಿಯ ಕಸಬರಿಗೆ ಸರ್ವೇಯರ್‌ಗಿಂತ ಮೊದಲೇ ಬಂದುಬಿಟ್ಟರೆ ಪುರಾವೆಯೆಲ್ಲ ಗಟಾರದ ಪಾಲು.