ಹತ್ತು ಜಿಬಿಯ ಹಗೇವು

ರೋಣದ ನಮ್ಮ ಪತ್ತಿನ ಸಂಘದ ಹಿಂದಿನ ಕೋಣೆಯಲ್ಲಿ, ಹಳೆಯ ಖತಾವಣಿಗಳ ಗಂಟಿಗೂ ಗಣಪತಿ ಕೂಡ್ರಿಸುವ ಮಂಟಪಕ್ಕೂ ನಡುವೆ, ಒಂದು ಬ್ಯಾಕಪ್ ಸರ್ವರ್ ಕುಳಿತಿದೆ. ನರಗುಂದ, ಗಜೇಂದ್ರಗಡ ಶಾಖೆಗಳ ಲೆಕ್ಕವೆಲ್ಲ ರಾತ್ರಿ ಅದರ ಹೊಟ್ಟೆಗೆ ಬಂದು ಬೀಳುತ್ತದೆ. ನರಗುಂದದ್ದು ಹದವಾಗಿ ಬರುತ್ತದೆ. ಗಜೇಂದ್ರಗಡದ್ದು ಕಾಲಕಾಲೇಶ್ವರನ ಅಂತರಗಂಗೆ, ಬೇಸಿಗೆಯಲ್ಲೂ ಬತ್ತುವುದಿಲ್ಲ. ಅಲ್ಲಿನ ಮ್ಯಾನೇಜರು ಒಂದೇ ಕಾಗದವನ್ನು ಮೂರು ಸಲ ಸ್ಕ್ಯಾನ್ ಮಾಡುವವರು. ಕೇಳಿದರೆ, "ಇರ್ಲಿ ಬಿಡ್ರಿ, ಒಂದ್ ಹೋದ್ರ ಇನ್ನೊಂದ್ ಇರತೈತಿ."

ಡಿಸ್ಕಿನಲ್ಲಿ ಜಾಗಕ್ಕೆ ಬರ ಇರಲಿಲ್ಲ. ಯಾವ ಕಡತ ಎಲ್ಲಿದೆ ಎಂದು ಬರೆದಿಡುವ ಡೇಟಾಬೇಸ್ ಮಾತ್ರ ಕಂಠಮಟ ತುಂಬಿತ್ತು. ಕಣಜಕ್ಕಿಂತ ಕಣಜದ ಕೀರ್ದಿಯೇ ದಪ್ಪವಾದಂತೆ. ಸಂಘ ದುಡ್ಡು ಬಿಚ್ಚದ್ದರಿಂದ ಅದು ಎಸ್‌ಕ್ಯೂಎಲ್ ಸರ್ವರಿನ ಹಳೆಯ ಪುಕ್ಕಟೆ ಎಕ್ಸ್‌ಪ್ರೆಸ್. 10 ಜಿಬಿ ಮೇಲೆ ಒಂದು ಕಾಳೂ ಹಿಡಿಯದು. 9.8ಕ್ಕೆ ಬಂದಾಗ ನನ್ನ ನಿದ್ದೆ ಹಾರಿತು.

ಎರಡು ವರ್ಷಕ್ಕಿಂತ ಹಳೆಯ ದಾಖಲೆ ಅಳಿಸಲು ಜುಲೈ 21 ಗೊತ್ತು ಮಾಡಿದೆ. ಅಂದು ನರಗುಂದದ ವೀರಗಲ್ಲಿನ ಮುಂದೆ ರೈತರು ಸೇರುತ್ತಾರೆ, ನಮ್ಮ ಕೌಂಟರಿನಲ್ಲಿ ಗದ್ದಲ ಕಡಿಮೆ. ಒಂದು ಮಾತು ಕೇಳೋಣವೆಂದು ಅಲ್ಲಿನ ಗುಮಾಸ್ತನಿಗೆ ಫೋನ್ ಹಚ್ಚಿದರೆ ಹಿಂದಿನಿಂದ ಬರೀ ಘೋಷಣೆ. "ಎರಡ್ ವರ್ಸದ್ದು ಹಳೇದೇನ್ರಿ? ಇಲ್ಲಿ 1980ರದ್ದs ಇನ್ನೂ ಬಾಕಿ ಐತಿ" ಎಂದ. ಮಲಪ್ರಭೆಯ ನೀರು ನೆಟ್ಟಗೆ ಬರದ ಹೊಲಕ್ಕೂ ಬೆಟರ್‌ಮೆಂಟ್ ಲೆವಿ ಕೇಳಿದ ವರ್ಷ ಅದು. ಆ ದಿನದ ಗೋಲಿಬಾರಿನಲ್ಲಿ ನರಗುಂದದಲ್ಲಿ ಈರಪ್ಪ ಕಡ್ಲಿಕೊಪ್ಪ, ನವಲಗುಂದದಲ್ಲಿ ಬಸಪ್ಪ ಲಕ್ಕುಂಡಿ ಸತ್ತರು. ನನ್ನ ಬೆರಳು ಡಿಲೀಟ್ ಗುಂಡಿಯ ಮೇಲೆ ತುಸು ಹೊತ್ತು ಹಾಗೇ ನಿಂತಿತು. ಆಮೇಲೆ ಒತ್ತಿದೆ, ಸಂಬಳ ಕೊಡುವುದು ಅದಕ್ಕೇ.

ಲಕ್ಷಗಟ್ಟಲೆ ಸಾಲು ಹೋದವು. ಡೇಟಾಬೇಸಿನ ಗಾತ್ರ ಮಾತ್ರ ಅದೇ 9.8! ಸವಡಿಯಲ್ಲಿರುವ ಅವ್ವನಿಗೆ ಫೋನಿನಲ್ಲಿ ಗೋಳು ತೋಡಿಕೊಂಡೆ. "ಜ್ವಾಳ ತಗದ್ರ ಹಗೇವು ಸಣ್ಣದಾಗತೈತೇನೋ? ತೆಗ್ಗು ಇದ್ದಷ್ಟs ಇರತೈತಿ. ಮುಂದಿನ ಸುಗ್ಗಿಗೆ ಬೇಕಲ್ಲ, ಬಿಡು." ನನಗೆ ಸಿಟ್ಟೇ ಬಂತು. ಕಂಪ್ಯೂಟರ್ ಡಿಪ್ಲೊಮಾ ಓದಿದವನು ನಾನು.

ಹಗೇವನ್ನು ಕುಗ್ಗಿಸಿಯೇ ತೀರುತ್ತೇನೆಂದು ರಾತ್ರಿ ಎಂಟಕ್ಕೆ ಶ್ರಿಂಕ್ ಆಜ್ಞೆ ಕೊಟ್ಟೆ. ಅದರ ಕೆಲಸ ನಮ್ಮ ಗಜೇಂದ್ರಗಡ ಬಸ್ಸಿನ ಕಂಡಕ್ಟರನ ಹಾಗೆ. ಡೇಟಾ ಕೂತಿರುವುದು 8 ಕೆಬಿಯ ಸೀಟುಗಳಲ್ಲಿ. ಕಟ್ಟಕಡೆಯ ಸೀಟಿನವನನ್ನು ಎಬ್ಬಿಸಿ, ಮುಂದೆ ಮೊದಲು ಖಾಲಿ ಕಂಡಲ್ಲಿ ಕೂಡ್ರಿಸುವುದು. ಮತ್ತೆ ಹಿಂದೆ ಹೋಗಿ ಇನ್ನೊಬ್ಬನನ್ನು ಎಬ್ಬಿಸುವುದು. ಮದುವೆಗೆ ಕೂಡಿ ಹತ್ತಿದ ಮಂದಿಯಲ್ಲಿ ವರ ಡ್ರೈವರನ ಬೆನ್ನಿಗೆ, ಬೀಗರು ಬಾಗಿಲ ಹತ್ತಿರ, ಬುತ್ತಿಯ ಗಂಟು ಯಾರದೋ ತೊಡೆಯ ಮೇಲೆ. ಹಿಂದಿನ ಅರ್ಧ ಬಸ್ಸು ಖಾಲಿಯಾದ ಮೇಲೆ ಅದನ್ನು ಗರಗಸದಿಂದ ಕೊಯ್ದು ಹಾಕುವುದು.

ಶೇಕಡ ಎಷ್ಟಾಯಿತೆಂದು ಎಫ್5 ಒತ್ತುತ್ತ ಕೂತೆ. 11. ರಾತ್ರಿ ಪಾಳಿಯ ವಾಚಮನ್ ಸ್ಟೂಲು ಎಳೆದುಕೊಂಡ. 23. "ಯಾವ ಮ್ಯಾಚ್ರಿ?" ಎಂದ. ವಿವರಿಸಿದೆ. 37ಕ್ಕೆ ಬಂದು ನಿಂತಿತು. ಹತ್ತು ನಿಮಿಷ, ಇಪ್ಪತ್ತು ನಿಮಿಷ, ಅದೇ 37. ಆತ ಎದ್ದುಹೋಗಿ ಎರಡು ಊದುಬತ್ತಿ ಹಚ್ಚಿ ಸರ್ವರಿನ ಫ್ಯಾನಿನ ಎದುರು ಸಿಗಿಸಿದ. ಹೊಗೆ ಒಳಗೆ ಹೋಯಿತು. ಬೇಡ ಎನ್ನಲು ನನಗೂ ಧೈರ್ಯ ಸಾಲಲಿಲ್ಲ. 38! ಇಬ್ಬರೂ ಕೈಕೈ ಹಿಡಿದೆವು. 64ಕ್ಕೆ ಕರೆಂಟ್ ಹೋಯಿತು. ಗಜೇಂದ್ರಗಡದ ಗುಡ್ಡದ ಮೇಲೆ ಸಾಲುಸಾಲು ಗಾಳಿಯಂತ್ರ ತಿರುಗುವ ಸೀಮೆ ಇದು! ಯುಪಿಎಸ್ ಕಿಂಯ್ ಕಿಂಯ್ ಎಂದು ಅಳತೊಡಗಿದಾಗ ನಾನು ಅದನ್ನು ಕೂಸಿನಂತೆ ಅಪ್ಪಿಕೊಂಡು ಕೂತೆ. ಆಗಲೇ ಹೊಳೆದದ್ದು: ಊರಿನ ಬ್ಯಾಕಪ್ಪೆಲ್ಲ ಇಟ್ಟ ಈ ಪುಣ್ಯಾತ್ಮನ ಡೇಟಾಬೇಸಿಗೆ ನಾನು ಬ್ಯಾಕಪ್ಪೇ ತೆಗೆದಿಲ್ಲ. ಹಗೇವಿಗೆ ಇಳಿಯುವ ಮುನ್ನ ದೀಪ ಇಳಿಸಿ ನೋಡಬೇಕು, ಆರಿದರೆ ಒಳಗೆ ವಿಷಗಾಳಿ ಎಂದು ಅರ್ಥ. ನಾನು ಧುಮುಕಿಯೇ ಬಿಟ್ಟಿದ್ದೆ.

ಕರೆಂಟ್ ಬಂತು. ನಡುರಾತ್ರಿ ನೂರೂ ಆಯಿತು. 9.8 ಹೋಗಿ 4.1! ಮರುದಿನ ಇಡೀ ಆಫೀಸಿಗೆ ಮಿರ್ಚಿ ಭಜಿ, ಗಿರಮಿಟ್ಟು, ಚಾ.

ಭಜಿ ಜೀರ್ಣವಾಗುವ ಮೊದಲೇ ತಕರಾರು ಶುರುವಾಯಿತು. ಒಂದು ಹಳೆಯ ಕಡತ ಹುಡುಕಿದರೆ ಹತ್ತು ನಿಮಿಷ: ವರನನ್ನೂ ಬೀಗರನ್ನೂ ಬುತ್ತಿಯನ್ನೂ ಬಸ್ಸಿನ ತುಂಬ ಅರಸಬೇಕಲ್ಲ. ಇಂಡೆಕ್ಸುಗಳನ್ನು ಹೊಸದಾಗಿ ಕಟ್ಟಿಸಿದೆ. ಹೊಸದು ಎದ್ದು ನಿಲ್ಲುವ ತನಕ ಹಳೆಯದು ಜಾಗ ಬಿಡುವುದಿಲ್ಲ. ಅದಕ್ಕೆ ಅಷ್ಟೇ ದೊಡ್ಡ ಖಾಲಿ ಹಿತ್ತಲು ಬೇಕು. ಡೇಟಾಬೇಸ್ ಉಬ್ಬಿ 7.9ಕ್ಕೆ ನಿಂತಿತು. ಅವ್ವನಿಗೆ ಹೇಳಲಿಲ್ಲ.

ಭಜಿಯ ಖರ್ಚನ್ನು "ಸರ್ವರ್ ದುರಸ್ತಿ" ಎಂದು ವೋಚರಿಗೆ ಹಾಕಿದೆ. ಅದಕ್ಕೆ ಮಂಜೂರಾತಿ ಕೊಡಬೇಕಾದವರು ಗಜೇಂದ್ರಗಡದ ಮ್ಯಾನೇಜರು. ಸಹಿ ಮಾಡಿದರು. ಅಂದು ರಾತ್ರಿ ಸರ್ವರಿನಲ್ಲಿ ನೋಡಿದೆ: ಎಣ್ಣೆಯ ಕಲೆಯ ಸಮೇತ ಭಜಿಯ ಬಿಲ್ಲು, ಮೂರು ಪ್ರತಿ.